ಕೆಳತೋಳಿನ ಜಗಳ

ಮಾವ ಬೆಂಗಳೂರಿನ ಕಾರ್ಖಾನೆಯೊಂದರ ಪ್ಯಾಟರ್ನ್ ಶಾಪಿನಲ್ಲಿ ದುಡಿದು, ನಿವೃತ್ತರಾಗಿ, ಸಾಗರದ ಕಡೆಯ ಊರಿಗೆ ಮರಳಿದವರು. ಎರಕ ಹೊಯ್ಯುವುದಕ್ಕೆ ಮೊದಲು ಮರದಲ್ಲಿ ಅದರ ಮಾದರಿ ಮಾಡುವ ಕೆಲಸ ಅವರದು. ಎರಕದ ಕಬ್ಬಿಣ ಆರುವಾಗ ಸುಮಾರು ನೂರಕ್ಕೊಂದು ಪಾಲು ಕುಗ್ಗುತ್ತದೆ. ಅದಕ್ಕೆಂದೇ ಅಷ್ಟು ಹಿಗ್ಗಿಸಿ ಗೆರೆ ಹಾಕಿದ ಸ್ಕೇಲು ಅಲ್ಲಿ ಬಳಕೆ. ಅಂಥ ಸ್ಕೇಲು ಹಿಡಿದು ಪಳಗಿದವರು ಅಂದಾಜನ್ನು ಸುಲಭಕ್ಕೆ ನಂಬುವುದಿಲ್ಲ. ಅಳಿಯ, ಅಂದರೆ ತಂಗಿಯ ಮಗ, ದಿನವಿಡೀ ಕಂಪ್ಯೂಟರಿನಲ್ಲಿ ಅಂಕಿ ನೋಡುವವನು. ಊರಿಗೆ ಬಂದರೆ ಅಂಕಿಯ ಮುಖ ಕಂಡರಾಗದು. ಹೀಗಾಗಿ ಈ ಜಗಳದಲ್ಲಿ ಕ್ಯಾಲಿಪರ್ ಮುದುಕರ ಕೈಯಲ್ಲಿದೆ, ಕಣ್ಣೇ ಸಾಕೆನ್ನುವ ವಾದ ಹುಡುಗನದು.

ಜಗಳ ಹತ್ತಿದ್ದು ತಡಸಲು ಮರದ ಒಂದು ಬಿಲ್ಲಿನ ಮೇಲೆ. ಕೊಡಲಿಯ ಕಾವಿಗೆ, ಗಾಡಿಯ ಮೂಕಿಗೆ ಹುಡುಕಿ ತರುವ ಮರ ಅದು. ಬಗ್ಗುತ್ತದೆ, ಬೇಗ ಮುರಿಯುವುದಿಲ್ಲ. ಗಾಳಿಗೆ ಬಿದ್ದ ಮರದ ತುಂಡನ್ನು ಗರಗಸದಲ್ಲಿ ಕೊಯ್ಯದೆ ಬೆಣೆ ಹೊಡೆದು ಸಿಗಿದಿದ್ದಾರೆ. ನಾರು ಹೋದ ದಾರಿಯಲ್ಲೇ ಬೆನ್ನು ಬಿಟ್ಟು, ಹೊಟ್ಟೆಯ ಕಡೆಯಿಂದ ಮಾತ್ರ ಕೆತ್ತಿದ್ದಾರೆ. (ಗುರಿಯ ಕಡೆಗಿರುವ ಮೈ ಬೆನ್ನು, ಬಿಲ್ಲುಗಾರನ ಕಡೆಗಿರುವುದು ಹೊಟ್ಟೆ.) ಉದ್ದ 66 ಇಂಚು. 26 ಇಂಚು ಎಳೆದಾಗ 30 ಪೌಂಡ್ ತೂಗಬೇಕೆಂಬುದು ಲೆಕ್ಕ. ಕೊಟ್ಟಿಗೆಯ ಗೋಡೆಯಲ್ಲಿ ಹಿಡಿ ಕೂರಿಸಲು ಒಂದು ಗೂಟ, ಕೆಳಗೆ ರಾಟೆ, ರಾಟೆಯ ಹಗ್ಗಕ್ಕೆ ಸ್ಪ್ರಿಂಗ್ ತಕ್ಕಡಿ. ಬಿಲ್ಲನ್ನು ಅಡ್ಡ ಕೂರಿಸಿ ಹಗ್ಗ ಎಳೆದರೆ ಹೆದೆ ಕೆಳಗಿಳಿಯುತ್ತದೆ. ದೂರ ನಿಂತವರಿಗೆ ಎರಡೂ ತೋಳು ಬಾಗುವ ಬಗೆ ಕಾಣುತ್ತದೆ.

ಅಳಿಯ: ಮಾವ, ಆ ಕ್ಯಾಲಿಪರ್ ಒಂದು ಗಳಿಗೆ ಕೆಳಗಿಡಿ. ಇಲ್ಲಿ ಬಂದು ನಿಂತು ನೋಡಿ. ಮೇಲ್ತೋಳು ಒಂದೇ ಸಮ ಬಾಗ್ತಿದೆ. ಕೆಳತೋಳು ಹಿಡಿಯ ಪಕ್ಕ ಬಿಗಿದುಕೊಂಡು, ನಡುವೆ ಬಳುಕಿ, ತುದಿಗೆ ಮತ್ತೆ ನೆಟ್ಟಗಿದೆ. ಹಿಡಿಯ ಪಕ್ಕ ಕೆರೆದರೆ ಮುಗೀತು.

ಮಾವ: ನಡುವೆ ಬಳುಕ್ತಿದೆ ಅಂತ ಯಾರು ಹೇಳಿದ್ದು?

ಅಳಿಯ: ಕಾಣ್ತಿದೆಯಲ್ಲ!

ಮಾವ: ಹೆದೆ ಬಿಚ್ಚು. ಹಾಂ, ಈಗ ನೋಡು. ಬಿಲ್ಲು ಸುಮ್ಮನೆ ಕೂತಿದೆ, ಯಾರೂ ಎಳೀತಿಲ್ಲ. ಆದರೂ ಕೆಳತೋಳಿನ ನಡುವೆ ತಗ್ಗು ಕಾಣತ್ತೆ. ಮರ ಬೆಳೆದಿದ್ದೇ ಹಾಗೆ. ನೀನು ಎಳೆದಾಗ ಆ ಹುಟ್ಟು ತಗ್ಗನ್ನೇ ನೋಡಿ ‘ಬಳುಕ್ತಿದೆ’ ಅಂದೆ. ಬಗ್ಗಿರೋದು ಬೇರೆ, ಬಗ್ಗುತ್ತಿರೋದು ಬೇರೆ ಮಾರಾಯ. ಮೊದಲಿನ ಗೆರೆ ಗೋಡೆ ಮೇಲೆ ಇದ್ದಿಲಲ್ಲಿ ಎಳಿ. ಹತ್ತಿಂಚು ಎಳೆದಾಗ ಇನ್ನೊಂದು ಗೆರೆ. ಎರಡರ ನಡುವಿನ ಅಂತರ ನಾಲ್ಕಿಂಚಿಗೊಮ್ಮೆ ಅಳಿ. ಆಮೇಲೆ ಮಾತಾಡೋಣ.

(ಗೆರೆ ಎಳೆದರು, ಅಳೆದರು. ನಡುವೆ ಬಳುಕು ಅತಿಯಾಗೇನೂ ಇರಲಿಲ್ಲ. ಹಾಗೆಂದು ಹುಡುಗನ ಮಾತು ಪೂರ್ತಿ ಸುಳ್ಳೂ ಆಗಲಿಲ್ಲ: ಹಿಡಿಯ ಪಕ್ಕದ ಐದಾರು ಇಂಚು ನಿಜಕ್ಕೂ ಅಲುಗುತ್ತಿರಲಿಲ್ಲ.)

ಅಳಿಯ: ನೋಡಿದಿರಾ, ಎಲ್ಲಿ ಕೆರೀಬೇಕು ಅಂದೆನೋ ಅಲ್ಲಿಗೇ ಬಂತು.

ಮಾವ: ಬಂತು. ಆದರೆ ಬಂದ ದಾರಿ ತಪ್ಪು. ನಾಳೆ ಬೆನ್ನು ಸೊಟ್ಟಗಿರೋ ಇನ್ನೊಂದು ಸಿಗಿಲು ತಂದರೆ ಇದೇ ಕಣ್ಣು ಗಟ್ಟಿ ಜಾಗ ಬಿಟ್ಟು ಸಪೂರ ಜಾಗದಲ್ಲಿ ಕೆರೆಯತ್ತೆ. ಆಗ ಅಲ್ಲಿ ಕೀಲು ಬೀಳತ್ತೆ. ಕೀಲು ಬಿದ್ದ ಬಿಲ್ಲು ಒಲೆಗೆ.

ಅಳಿಯ: ಹಾಗಾದರೆ ಕ್ಯಾಲಿಪರ್ ಹಿಡಿದು ಎರಡೂ ತೋಳನ್ನ ಒಂದೇ ದಪ್ಪಕ್ಕೆ ತಂದುಬಿಡಿ. ಅಲ್ಲಿಗೆ ಬಿಲ್ಲು ಸಮತೂಕ ಆಯ್ತಾ?

ಮಾವ: ಮುಕ್ಕಾಲು ಪಾಲು ಆಯ್ತು. ಅಗಲ ಅರ್ಧ ಮಾಡಿದರೆ ಬಿಗಿಯೂ ಅರ್ಧ. ದಪ್ಪ ಅರ್ಧ ಮಾಡಿದರೆ ಬಿಗಿ ಎಂಟರಲ್ಲಿ ಒಂದು ಪಾಲಿಗೆ ಇಳಿಯತ್ತೆ, ದಪ್ಪದ್ದು ಘನದ ಲೆಕ್ಕ. ಇಲ್ಲಿ 12 ಮಿಲಿಮೀಟರ್ ಇದೆ. ಅರ್ಧ ಮಿಲಿಮೀಟರ್ ಕೆರೆದರೆ ಆ ಜಾಗದ ಬಿಗಿ ನೂರಕ್ಕೆ ಹನ್ನೆರಡರಷ್ಟು ಹೋಯ್ತು. ಅರ್ಧ ಮಿಲಿಮೀಟರ್ ನಿನ್ನ ಕಣ್ಣಿಗೆ ಕಾಣತ್ತಾ? ನನಗಂತೂ ಕಾಣಲ್ಲ.

ಅಳಿಯ: ಮೇಲ್ತೋಳಿನಲ್ಲಿ ಈ ಗಂಟಿದೆಯಲ್ಲ, ಅದರ ಸುತ್ತ ನಾರು ಸುಳಿ ತಿರುಗಿದೆ. ಇಲ್ಲೂ 12, ಕೆಳತೋಳಿನ ಶುದ್ಧ ಮರದಲ್ಲೂ 12. ಎರಡೂ ಒಂದೇ ಥರ ಬಗ್ಗುತ್ತಾ? ನಿಮ್ಮ ಲೆಕ್ಕ ಕಬ್ಬಿಣದ ಪಟ್ಟಿಗೆ ಸರಿ. ಮರದಲ್ಲಿ ಒಂದು ಗೇಣು ಇದ್ದ ಹಾಗೆ ಮುಂದಿನ ಗೇಣು ಇರಲ್ಲ. ಒಂದು ಕಡೆ ಚೇಗು ಹೆಚ್ಚು, ಒಂದು ಕಡೆ ಬಿಳಿ ಹೆಚ್ಚು. ಬಿಸಿಲಿಗೆ ಬೆಳೆದ ಮಗ್ಗುಲು ಬೇರೆ, ನೆರಳಿನದ್ದು ಬೇರೆ. ಯೂ ಮರದಲ್ಲಿ ಬಿಲ್ಲು ಮಾಡ್ತಿದ್ದ ಇಂಗ್ಲೆಂಡಿನವರು ಗಂಟಿದ್ದ ಕಡೆ ಮರ ಉಬ್ಬಿಸಿಯೇ ಬಿಡ್ತಿದ್ದರು. ಕ್ಯಾಲಿಪರ್ ಇಟ್ಟರೆ ಅಲ್ಲಿ ದಪ್ಪ ಹೆಚ್ಚು, ‘ತಪ್ಪು’ ಅನ್ನತ್ತೆ. ಅಂಕಿ ಕೇಳಿ ಅದನ್ನು ಕೆರೆದಿದ್ದರೆ ಮೊದಲ ಎಳೆತಕ್ಕೇ ಬಿಲ್ಲು ಎರಡು ತುಂಡು.

ಮಾವ: ಅದಕ್ಕೇ ಮುಕ್ಕಾಲು ಅಂದೆ. ಉಳಿದ ಕಾಲು ಪಾಲಿಗೆ ಗೋಡೆ ಇದೆ, ಗೆರೆ ಇದೆ. ದಪ್ಪ ಅಳೆಯೋದು ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯೋಕೆ. ಬಾಗು ಅಳೆಯೋದು ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯೋಕೆ. ಎರಡೂ ಅಳತೆಯೇ. ನಿನ್ನ ಹತ್ತಿರ ಏನಿದೆ?

ಅಳಿಯ: ಇದು. ಐದಿಂಚಿನ ಚಪ್ಪಟೆ ಮರದ ತುಂಡು, ನಡುವೆ ತೂತು, ತೂತಿನಲ್ಲಿ ಪೆನ್ಸಿಲ್. ನೀವು ಹಗ್ಗ ಎಳೆದು ಹಿಡ್ಕೊಳ್ಳಿ. ಬಾಗಿದ ಹೊಟ್ಟೆಯ ಮೇಲೆ ಇದನ್ನು ಜಾರಿಸ್ತೀನಿ. ಚೆನ್ನಾಗಿ ಬಾಗಿದ ಕಡೆ ಹೊಟ್ಟೆ ಒಳಗೆ ಗುಳಿ ಬೀಳೋದರಿಂದ ಪೆನ್ಸಿಲ್ ತಾಕಲ್ಲ. ಬಾಗದೆ ಚಪ್ಪಟೆ ಉಳಿದ ಕಡೆ ತಾಕಿ ಗೀಟು ಬೀಳತ್ತೆ. ಗೀಟು ಬಿದ್ದ ಕಡೆ ಮಾತ್ರ ಕೆರೀಬೇಕು. ಅಂಕಿ ಬೇಡ, ಗೆರೆ ಬೇಡ.

ಮಾವ: (ನಗುತ್ತ) ಅಳತೆ ಬೇಡ ಅನ್ನೋನು ಜೇಬಲ್ಲಿ ಗೇಜ್ ಇಟ್ಕೊಂಡು ಓಡಾಡ್ತಾನೆ!

ಅಳಿಯ: ಇದು ಗೇಜ್ ಅಲ್ಲ, ಬೆರಳಿನ ಬದಲಿಗೆ ಒಂದು ತುಂಡು ಮರ. ಎಷ್ಟು ಅಂತ ಹೇಳಲ್ಲ, ಎಲ್ಲಿ ಅಂತ ಮಾತ್ರ ಹೇಳತ್ತೆ.

ಮಾವ: ಹುಟ್ಟು ತಗ್ಗಿದ್ದ ಕಡೆ ಅದೂ ಸುಳ್ಳು ಹೇಳತ್ತೆ, ತಿಳ್ಕೋ.

ಇಷ್ಟು ಹೇಳಿ ಮಾವ ಗಾಜಿನ ಚೂರು ತೆಗೆದುಕೊಂಡರು. ಈ ಹಂತದಲ್ಲಿ ಬಾಚಿಗೂ ಕೀಸುಳಿಗೂ ಕೆಲಸವಿಲ್ಲ, ಅರಕ್ಕೂ ಅಷ್ಟಕ್ಕಷ್ಟೆ. ಬಡಗಿಗಳು ಹೊಳಪು ಕೊಡುವ ಮೊದಲು ಬಳಸುವ ಅದೇ ಒಡೆದ ಗಾಜು. ಅಂಚನ್ನು ಸ್ವಲ್ಪ ಓರೆಯಾಗಿಟ್ಟು ಎರಡೂ ಹೆಬ್ಬೆರಳು ಒತ್ತಿ ತಮ್ಮ ಕಡೆಗೆ ಎಳೆದರೆ ಕಾಗದಕ್ಕಿಂತ ತೆಳುವಾದ ಸುರುಳಿ ಏಳುತ್ತದೆ. ಹಿಡಿಯ ಪಕ್ಕದಿಂದ ಶುರುಮಾಡಿ, ಗೀಟಿನ ಗಡಿ ಬಂದಾಗ ಒಮ್ಮೆಲೇ ನಿಲ್ಲಿಸದೆ ಒತ್ತಡ ಸಡಿಲಿಸುತ್ತ ಆಚೆ ಜಾರಿಸಿಬಿಡಬೇಕು. ಇಲ್ಲದಿದ್ದರೆ ನಿಲ್ಲಿಸಿದ ಜಾಗದಲ್ಲಿ ಮೆಟ್ಟಿಲು ಏಳುತ್ತದೆ. ಹತ್ತಾರು ಎಳೆತ, ಆಮೇಲೆ ಮತ್ತೆ ಗೋಡೆಗೆ. ಕೆರೆದ ತಕ್ಷಣ ಬಿಲ್ಲು ತನ್ನ ಹೊಸ ಬಾಗು ತೋರಿಸುವುದಿಲ್ಲ. ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದ ಮೇಲೆಯೇ ಕೆರೆದದ್ದರ ಫಲ ಮೈಮೇಲೆ ಬರುತ್ತದೆ. ಕೈಯಲ್ಲಿ ಮಾಡುವ ಬಿಲ್ಲುಗಳಲ್ಲಿ ಹಾಳಾಗುವ ಬಹುಪಾಲು ಹಾಳಾಗುವುದು ಈ ಇಪ್ಪತ್ತು ಎಳೆತಗಳ ಬೇಸರ ತಡೆಯಲಾರದೆ ಎಂದು ನನ್ನ ಅನುಮಾನ.

ಅಳಿಯ: ಈಗ ಇನ್ನೊಂದು. ನೀವು ಎಡ ಬಲ ಎರಡಕ್ಕೂ ಒಂದೇ ಅಂಕಿ ಬರೋವರೆಗೆ ಕೆರೀತೀರಿ. ಕೆಳತೋಳು ಮೇಲ್ತೋಳಿಗಿಂತ ಕೊಂಚ ಗಟ್ಟಿ ಇರಬೇಕು. ಸಮ ಮಾಡಿದರೆ ಬಿಲ್ಲು ಕೆಡತ್ತೆ.

ಮಾವ: ಯಾಕೆ ಗಟ್ಟಿ ಇರಬೇಕು? ಹೆದೆ ಒಂದೇ, ಎರಡು ತುದಿಯನ್ನೂ ಎಳೆಯೋದು ಅದೇ ಬಿಗಿ. ತೋಳು ಮಾತ್ರ ಯಾಕೆ ಬೇರೆ?

ಅಳಿಯ: ಬಾಣ ಮುಷ್ಟಿಯ ಮೇಲಿಂದ ಹೋಗತ್ತೆ, ಮುಷ್ಟಿಯೊಳಗಿಂದಲ್ಲ. ಅದಕ್ಕೇ ಹಿಡಿಯನ್ನ ಬಿಲ್ಲಿನ ನಡುವಿಗಿಂತ ಒಂದಿಂಚು ಕೆಳಗಿಟ್ಟಿದ್ದೀವಿ. ಅಂದರೆ ಕೆಳತೋಳು ಎರಡಿಂಚು ಗಿಡ್ಡ. ಮುಷ್ಟಿಯ ಒತ್ತೂ ಆ ಕಡೆಗೇ ಬೀಳತ್ತೆ. ಗಿಡ್ಡ ತೋಳು ಹೆಚ್ಚು ದುಡಿಯತ್ತೆ. ಅದೇ ಮೊದಲು ಸೋತು ಸೊಟ್ಟಗಾಗತ್ತೆ. ಹೆದೆ ಏರಿಸಿದ ಮೇಲೆ ಹಿಡಿಯ ಎರಡೂ ಅಂಚಿನಲ್ಲಿ ಹೆದೆಯಿಂದ ಮರಕ್ಕಿರೋ ದೂರ ಅಳೆದರೆ ಮೇಲ್ಗಡೆ ಮೂರರಿಂದ ಆರು ಮಿಲಿಮೀಟರ್ ಹೆಚ್ಚಿರಬೇಕು. ಮಾಡುವವರೆಲ್ಲ ಹೇಳೋದು ಇದನ್ನೇ.

ಮಾವ: ಮತ್ತೆ ಅಂಕಿ ಹೇಳಿದೆ.

ಅಳಿಯ: ಹೇಳಿದೆ, ಬಿಡಿ. ನಿಮ್ಮ ‘ಸಮ’ ಅನ್ನೋದು ಕನ್ನಡಿಯಲ್ಲಿ ನೋಡಿದ ಹಾಗೆ ಎಡ ಬಲ ಒಂದೇ ಇರೋದು. ಜಪಾನಿನವರ ಬಿಲ್ಲು ನೋಡಿ, ಆಳಿಗಿಂತ ಎತ್ತರ. ಹಿಡಿ ಇರೋದು ಬುಡದಿಂದ ಸುಮಾರು ಮೂರನೇ ಒಂದು ಪಾಲಿನಲ್ಲಿ. ಮೇಲ್ತೋಳು ಕೆಳತೋಳಿನ ಇಮ್ಮಡಿ ಉದ್ದ. ಅದನ್ನು ಕ್ಯಾಲಿಪರ್ ಇಟ್ಟು ಸಮ ಮಾಡಿ ನೋಡೋಣ! ಆದರೂ ಅದು ಸಮತೂಕದ ಬಿಲ್ಲೇ.

ಮಾವ: ಸಮತೂಕ ಅಂತ ನಿನಗೆ ಹೇಗೆ ಗೊತ್ತು? ಚಂದ ಕಾಣತ್ತೆ ಅಂತಲಾ?

ಅಳಿಯ: ಬಾಣ ನೆಟ್ಟಗೆ ಹೋಗತ್ತಲ್ಲ.

ಮಾವ: ಹಾಂ, ಅಲ್ಲಿಗೆ ಬಾ. ಬಾಣ ನೆಟ್ಟಗೆ ಹೋಗಬೇಕಾದರೆ ಹೆದೆಯಲ್ಲಿ ಬಾಣ ಕೂರೋ ಬಿಂದು ನೆಟ್ಟಗೆ ಹಿಂದೆ ಬಂದು ನೆಟ್ಟಗೆ ಮುಂದೆ ಹೋಗಬೇಕು. ಅದನ್ನು ಅಳೆಯೋಕಾಗತ್ತೆ. ಗೂಟದಿಂದ ಒಂದು ತೂಕದ ಗುಂಡು ಇಳಿಬಿಡು. ಆ ದಾರದ ನೇರಕ್ಕೆ ಗೋಡೆಯಲ್ಲಿ ಗೆರೆ ಹಾಕು. ಈಗ ಹಗ್ಗದ ಕೊಕ್ಕೆಯನ್ನ ಹೆದೆಯ ನಡುವಿಗೆ ಹಾಕಬೇಡ. ಬೆರಳು ಎಲ್ಲಿ ಹಿಡಿಯತ್ತೋ ಅಲ್ಲಿ ಹಾಕು. ಎಳಿ. ಕೊಕ್ಕೆ ಗೆರೆಯ ಮೇಲೆ ಇಳಿದರೆ ಸರಿ. ಒಂದು ಕಡೆ ಸರಿದರೆ ಆ ಕಡೆಯ ತೋಳು ಗಟ್ಟಿ ಅಂತ ಲೆಕ್ಕ.

ಅಳಿಯ: ಗಟ್ಟಿ ಕಡೆಗೆ ಯಾಕೆ ಸರಿಯತ್ತೆ? ಸಪೂರ ಕಡೆಗಲ್ವಾ?

ಮಾವ: ಯೋಚಿಸು. ಸಪೂರ ತೋಳಿನ ತುದಿ ಹೆಚ್ಚು ಕೆಳಗಿಳಿದು ಒಳಗೆ ಬರತ್ತೆ. ಗಟ್ಟಿ ತೋಳಿನ ತುದಿ ಮೇಲೆ, ದೂರದಲ್ಲೇ ನಿಲ್ಲತ್ತೆ. ಹೆದೆಯ ಎರಡು ಭಾಗದ ಉದ್ದ ಬದಲಾಗಲ್ಲ. ಹಾಗಾಗಿ ಕೊಕ್ಕೆ ಗಟ್ಟಿ ಕಡೆಗೇ ಎಳಕೊಂಡು ಹೋಗತ್ತೆ.

(ಎಳೆದರು. ಕೊಕ್ಕೆ ಮೊದಲ ಹತ್ತಿಂಚು ಗೆರೆಯ ಮೇಲೇ ಇಳಿದು, ಆಮೇಲೆ ಕೆಳತೋಳಿನ ಕಡೆಗೆ ಒಂದು ಬೆರಳಗಲ ಸರಿಯಿತು. ಇಬ್ಬರೂ ಕೊಂಚ ಹೊತ್ತು ಮಾತಾಡಲಿಲ್ಲ. ಕೆಳತೋಳು ಗಟ್ಟಿಯಿರಬೇಕೆಂಬ ಹುಡುಗನ ಮಾತು ನಿಜ. ಆದರೆ ಎಷ್ಟು ಗಟ್ಟಿ ಎಂಬುದಕ್ಕೆ ಉತ್ತರ ಮುದುಕರ ಗೆರೆಯಲ್ಲಿತ್ತು.)

ಅಳಿಯ: ಒಪ್ಪಿದೆ, ಈ ಪರೀಕ್ಷೆ ಚೆನ್ನಾಗಿದೆ. ಆದರೆ ಇದು ತೋಳಿನ ಅಳತೆ ಅಲ್ಲ ಮಾವ. ತೋಳು ಎರಡೂ ಸೇರಿ ಏನು ಮಾಡತ್ತೆ ಅನ್ನೋದರ ಅಳತೆ. ನಿಮ್ಮ ಕ್ಯಾಲಿಪರ್‌ಗೆ ಇದು ಗೊತ್ತಾಗ್ತಿರಲಿಲ್ಲ.

ಮಾವ: ನಿನ್ನ ಕಣ್ಣಿಗೂ ಗೊತ್ತಾಗಿರಲಿಲ್ಲ.

ಅಳಿಯ: ಇನ್ನೊಂದು ಕೇಳ್ತೀನಿ. ಇವತ್ತಿನ ಅಂಕಿ ಎಲ್ಲ ಬರೆದಿಟ್ರಿ. ಈಗ ಏಪ್ರಿಲ್. ಮರ ಒಣಗಿ ಕೂತಿದೆ. ಜುಲೈಯಲ್ಲಿ ಇಲ್ಲಿಯ ಮಳೆಗೆ ಬಾಗಿಲೇ ಹಿಗ್ಗಿ ಹಾಕೋಕೆ ಬರಲ್ಲ. ಬಿಲ್ಲು ಹೀರಿದ ನೀರಿಗೆ ಎಳೆತದ ತೂಕ ಇಳಿಯತ್ತೆ, ಎಳೆದರೆ ಸೊಟ್ಟ ಉಳಿಯತ್ತೆ. ಆಗ ನಿಮ್ಮ ಪಟ್ಟಿಯಲ್ಲಿರೋ 30 ಪೌಂಡ್ ಎಲ್ಲಿ?

ಮಾವ: ಅದಕ್ಕೇ ಅಂಕಿ ಜೊತೆ ಬಿಲ್ಲಿನ ತೂಕ ಬರೆದಿಟ್ಟಿದ್ದೀನಿ. ಸಿಗಿಲು ಒಣಗಲು ಇಟ್ಟಾಗಿನಿಂದ ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗ್ತಾ ಬಂದೆ, ಇಳಿಯೋದು ನಿಂತ ಮೇಲೇ ಬಾಚಿ ಮುಟ್ಟಿದ್ದು. ಬಿಲ್ಲಿಗೆ ನೂರಕ್ಕೆ ಎಂಟರಿಂದ ಹತ್ತು ನೀರಿದ್ದರೆ ಹದ. ಅದಕ್ಕಿಂತ ಒಣಗಿದರೆ ಚಟ್ಟನೆ ಮುರಿಯತ್ತೆ, ಹೆಚ್ಚಿದ್ದರೆ ಸೊಟ್ಟ ಹಿಡಿಯತ್ತೆ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟ ಇದೆ. ನೀನು ‘ಮರ ಬದಲಾಗತ್ತೆ, ಅಳತೆ ಬೇಡ’ ಅಂತೀಯ. ಬದಲಾಗತ್ತೆ ಅಂತಲೇ ಅಳೀಬೇಕು ಅಂತೀನಿ ನಾನು.

ಅಳಿಯ: ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತಾಳೆ, ಬಿದಿರು, ಮರ, ಕೊಂಬು ಅಂತ ನಾಲ್ಕು ಬಗೆಯ ಬಿಲ್ಲಿನ ಮಾತಿದೆ. ಎಕ್ಕದ ನಾರಿನ ಹೆದೆ, ಸೆಣಬಿನ ಹೆದೆ ಅಂತೆಲ್ಲ ಇದೆ. ಅಷ್ಟು ಬಗೆ ಮಾಡಿದವರ ಹತ್ತಿರ ಯಾವ ಕ್ಯಾಲಿಪರ್ ಇತ್ತು? ಆ ಮೇರಿ ರೋಸ್ ಅನ್ನೋ ಇಂಗ್ಲಿಷ್ ಹಡಗು 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂತು. ನೂರಕ್ಕೂ ಹೆಚ್ಚು ಬಿಲ್ಲು ಸಿಕ್ಕವು. ಎಳೆದರೆ ಅವು 100 ಪೌಂಡಿಗೂ ಮೇಲೆ ತೂಗ್ತಿದ್ದವು ಅಂತಾರೆ. ಎಲ್ಲ ಕೈಕಣ್ಣಿನ ಕೆಲಸ.

ಮಾವ: ಒಂದು ಹಡಗಿಗೆ ಅಷ್ಟು ಬಿಲ್ಲು ಒದಗಿಸಬೇಕಾದರೆ ಅವರಿಗೂ ಏನೋ ಒಂದು ಕಡ್ಡಿ, ಒಂದು ಹಲ್ಲು ಕೊರೆದ ಹಲಗೆ ಇದ್ದೇ ಇರಬೇಕು. ಪ್ಯಾಟರ್ನ್ ಶಾಪಿನಲ್ಲಿ ದುಡಿದವನಿಗೆ ಅಷ್ಟು ಊಹೆ ಬರತ್ತೆ. ಮತ್ತೆ ನಮ್ಮ ಕಣ್ಣಿಗೆ ಬಿದ್ದಿದ್ದು ಉಳಿದ ಬಿಲ್ಲು. ಮಾಡುವಾಗ ಮುರಿದಿದ್ದನ್ನು ಯಾರೂ ಹಡಗಿಗೆ ಏರಿಸಲ್ಲ.

ಅಳಿಯ: ಅದೇ 1545ರಲ್ಲಿ ಆಸ್ಕಮ್ ಅನ್ನೋ ಇಂಗ್ಲಿಷ್ ವಿದ್ವಾಂಸ ‘ಟಾಕ್ಸೋಫಿಲಸ್’ ಅಂತ ಬಿಲ್ವಿದ್ಯೆಯ ಪುಸ್ತಕ ಬರೆದ. ಅದೂ ಸಂವಾದವೇ, ನಮ್ಮಿಬ್ಬರ ಹಾಗೆ. ಹೊಸ ಬಿಲ್ಲನ್ನ ಮೊದಲು ಹೊಡೆದು ಪಳಗಿಸು, ಆಮೇಲೆ ನಂಬಿಗಸ್ತ ಕುಶಲಿಗನ ಹತ್ತಿರ ಒಯ್ದು ತಿದ್ದಿಸ್ಕೋ ಅಂತಾನೆ ಅವನು. ಗೋಡೆಯ ಮೇಲೆ ಮುಗಿಯೋ ಕೆಲಸ ಅಲ್ಲ ಇದು. ಕೈಗೆ ಹೋದ ಮೇಲೆ ಮುಗಿಯೋದು.

ಮಾವ: ಅದನ್ನು ಮಾತ್ರ ಒಪ್ಪಿದೆ.

ಹೊತ್ತು ಇಳಿದಿತ್ತು. ತಕ್ಕಡಿ 33 ಪೌಂಡ್ ತೋರಿಸುತ್ತಿತ್ತು. ಮೇಲ್ತೋಳಿನ ಗಂಟಿನಾಚೆ ಒಂದು ಗೇಣು ಇನ್ನೂ ಸ್ವಲ್ಪ ಗಟ್ಟಿ. ಪೆನ್ಸಿಲಿನ ಗೀಟು ಅಲ್ಲಿ ಮಸುಕಾಗಿ ಬಿದ್ದಿತ್ತು.

ಅಳಿಯ: ಅದನ್ನು ತೆಗೆದುಬಿಡ್ತೀನಿ. ಬಾಗು ತುಂಬಿ ಬರತ್ತೆ.

ಮಾವ: ಬೇಡ. ಅಲ್ಲಿ ಕೆರೆದರೆ ಮೇಲ್ತೋಳು ಸಪೂರ ಆಗತ್ತೆ. ಸರಿದೂಗಿಸೋಕೆ ಕೆಳತೋಳು ಕೆರೀಬೇಕು. ಅದಕ್ಕೆ ಮತ್ತೆ ಇದು. ಒಂದೊಂದು ಸುತ್ತಿಗೂ ಪೌಂಡ್ ಎರಡು ಪೌಂಡ್ ಹೋಗತ್ತೆ. ಕೊನೆಗೆ ಚಂದದ ಬಾಗು ಇರೋ 25 ಪೌಂಡಿನ ಆಟಿಕೆ ಉಳಿಯತ್ತೆ. ಕೆರೆದ ಮರ ವಾಪಸ್ ಅಂಟಲ್ಲ.

ಅಳಿಯ: ಬಿಟ್ಟರೆ ಆ ಗೇಣು ದುಡಿಯೋದೇ ಇಲ್ಲ. ಅದರ ಪಾಲಿನ ಕೆಲಸ ಅಕ್ಕಪಕ್ಕದ ಮರಕ್ಕೆ ಬೀಳತ್ತೆ. ಮರ ಎಳೆತ ತಡೆದಷ್ಟು ಒತ್ತು ತಡೆಯಲ್ಲ ಅನ್ನೋದು ನಿಮಗೇ ಗೊತ್ತು, ಮೊದಲು ಸೋಲೋದು ಹೊಟ್ಟೆ. ಆರು ತಿಂಗಳಲ್ಲಿ ಗಂಟಿನ ಪಕ್ಕ ಅಡ್ಡಕ್ಕೆ ಕೂದಲಿನಂಥ ಸುಕ್ಕು ಬಿದ್ದರೆ?

ಮಾವ: ಗಂಟಿನ ಪಕ್ಕ ಗಟ್ಟಿ ಇರೋದೇ ಒಳ್ಳೇದು ಅಂತ ಆಗ ಹೇಳಿದವನು ನೀನೇ.

ಅಳಿಯ: ಗಂಟಿನ ಮೇಲೆ ಅಂದೆ. ಗಂಟಿನಾಚೆ ಅನ್ನಲಿಲ್ಲ.

ಮಾವ: ಇರಲಿ. ಅದಕ್ಕೂ ಮೊದಲು ಒಂದು ಹೇಳು. ಕೊಕ್ಕೆಯನ್ನು ನೀನು ಎಲ್ಲಿ ಹಾಕಿದೆ? ಬಾಣದ ಮೇಲೊಂದು, ಕೆಳಗೆರಡು ಬೆರಳು ಹಿಡಿಯೋ ಜಾಗದಲ್ಲಿ. ಅದು ನಿನ್ನ ಹಿಡಿತ. ಬಿಲ್ಲು ಯಾರಿಗೆ?

ಅಳಿಯ: ತಂಗಿಗೆ.

ಮಾವ: ಅವಳು ಹೇಗೆ ಹಿಡೀತಾಳೆ?

ಅಳಿಯ: ಅವಳು... ಮೂರೂ ಬೆರಳು ಬಾಣದ ಕೆಳಗೆ.

ಮಾವ: ಆಗ ಬೆರಳು ಹೆದೆಯ ನಡುವಿಗೇ ಹತ್ತಿರ ಬಂತು. ಹಾಗೆ ಹಿಡಿಯೋರಿಗೆ ಎರಡೂ ತೋಳು ಹೆಚ್ಚುಕಡಿಮೆ ಸಮ ಇರಬೇಕು ಅಂತಾರಲ್ಲ, ನೀನು ಹೇಳೋ ಆ ‘ಮಾಡುವವರೆಲ್ಲ’? ಮೂರರಿಂದ ಆರು ಮಿಲಿಮೀಟರ್ ಲೆಕ್ಕ ನಿನಗೆ, ಅವಳಿಗಲ್ಲ.

ಅಳಿಯ: ಹಾಗಾದರೆ ಕೆಳತೋಳು ಇನ್ನೂ ಕೆರೀಬೇಕು ಅಂತಾಯ್ತು. ನಾನು ಹೇಳಿದ್ದು ಅದನ್ನೇ, ಮೊದಲ ಮಾತಿನಲ್ಲೇ!

ಮಾವ: ಸಮ ಇರಬೇಕು ಅಂದಿದ್ದು ನಾನು!

ಅಳಿಯ: ನೀವು ಹೇಳಿದ ಕಾರಣ ಬೇರೆ.

ಮಾವ: ನಿನ್ನದೂ ಬೇರೆಯೇ. ಭಾನುವಾರ ಅವಳು ಬರಲಿ. 33 ಹಾಗೇ ಇರಲಿ, ಆ ಮೂರು ಪೌಂಡ್ ಅವಳ ಪಾಲಿನದ್ದು. ಅವಳೇ ನಿಂತು ಹತ್ತಿಪ್ಪತ್ತು ಬಾಣ ಬಿಡಲಿ, ಬೆರಳಿಟ್ಟ ಜಾಗಕ್ಕೆ ದಾರ ಸುತ್ತಿ ಗುರುತು ಮಾಡೋಣ. ಕೊಕ್ಕೆ ಅಲ್ಲಿಗೆ ಹಾಕಿ ಮತ್ತೆ ಎಳೆಯೋಣ.

ಅಳಿಯ: ಅವಳು ಎಳೆಯುವಾಗ ನಾನು ಬದಿಯಲ್ಲಿ ನಿಂತು ನೋಡ್ತೀನಿ. ಗೋಡೆ ಮೇಲಿನ ಬಾಗು ಬೇರೆ, ಕೈಯಲ್ಲಿರೋ ಬಾಗು ಬೇರೆ.

ಮಾವ: ನೋಡು. ನೋಡಿದ್ದನ್ನು ಬರೆದಿಡು ಅಷ್ಟೆ. ಈಗ ಹೆದೆ ಇಳಿಸು, ಏರಿಸಿಟ್ಟ ಬಿಲ್ಲು ರಾತ್ರಿಯೆಲ್ಲ ಸೊಟ್ಟ ಹಿಡಿಯತ್ತೆ.